ಲಾಂಗ್ ಕೋವಿಡ್ ಮತ್ತು ಲಸಿಕೆ: ಒಂದೇ ಮನೆಯ ಇಬ್ಬರಲ್ಲಿ ಎರಡು ಪರಿಣಾಮ. ನಿಮ್ಮ ಅನುಭವ ತಿಳಿಸಿ

ಸಾಧನಕೇರಿ ಶಿಕ್ಷಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. 2021ರ ಎರಡನೆಯ ಅಲೆಯಲ್ಲಿ ನನಗೂ ತಂಗಿಗೂ ಒಟ್ಟಿಗೇ ಕೋವಿಡ್ ಬಂತು. ಇಬ್ಬರೂ ಆಸ್ಪತ್ರೆ ಸೇರಲಿಲ್ಲ, ಆಮ್ಲಜನಕದ ಮಟ್ಟವೂ ಇಳಿಯಲಿಲ್ಲ. ತಂಗಿ ಬೇಗನೆ ಎದ್ದು ಓಡಾಡತೊಡಗಿದಳು. ನನಗೆ ಜ್ವರ ಬಿಟ್ಟರೂ ಸುಸ್ತು ಬಿಡಲಿಲ್ಲ. ಲಾಂಗ್ ಕೋವಿಡ್ ಎನ್ನುತ್ತಾರಲ್ಲ, ಅದೇ. ಆಗ ಪಾಠವೆಲ್ಲ ಮೊಬೈಲಿನಲ್ಲಿ. ಮಕ್ಕಳಿಗೆ ಏಳರ ಮಗ್ಗಿ ಹೇಳಿಕೊಡುತ್ತಾ ಮೂವತ್ತೈದಕ್ಕೆ ಬಂದು, ಮುಂದಿನದು ತೋಚದೆ ಪರದೆ ನೋಡುತ್ತಾ ಕುಳಿತುಬಿಡುತ್ತಿದ್ದೆ. ಎಷ್ಟೋ ವರ್ಷಗಳಿಂದ ಕಲಿಸುತ್ತಾ ಬಂದ ಮಗ್ಗಿ ಅದು.

ಕೋವಿಡ್ ಬಂದವರು ಗುಣವಾದ ಮೂರು ತಿಂಗಳ ನಂತರ ಲಸಿಕೆ ಹಾಕಿಸಿಕೊಳ್ಳಬೇಕೆಂದು ಸರ್ಕಾರ ಆಗ ಹೇಳಿತ್ತು. ಅದರಂತೆ ಇಬ್ಬರೂ ಒಂದೇ ದಿನ, ಒಂದೇ ಕೇಂದ್ರದಲ್ಲಿ ಕೋವಿಶೀಲ್ಡ್ ಮೊದಲ ಡೋಸ್ ಹಾಕಿಸಿಕೊಂಡೆವು. ರಾತ್ರಿ ಇಬ್ಬರಿಗೂ ಜ್ವರ. ಅಲ್ಲಿಂದ ಮುಂದೆ ಎತ್ತು ಏರಿಗೆ, ಕೋಣ ನೀರಿಗೆ. ಕೆಲವೇ ವಾರಗಳಲ್ಲಿ ನನ್ನ ತಲೆ ತಿಳಿಯಾಗುತ್ತಾ ಬಂತು. ಪೂರ್ತಿ ಗುಣವಾಗಿಲ್ಲ, ಆದರೆ ಪುಸ್ತಕ ಹಿಡಿದರೆ ಓದಿದ್ದು ನೆನಪಿರುತ್ತದೆ. ಚೇತರಿಸಿಕೊಂಡಿದ್ದ ತಂಗಿ ಮಾತ್ರ ಕುಸಿದಳು. ಒಲೆಯ ಮುಂದೆ ನಿಂತು ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಎದೆ ಢವಢವ ಹೊಡೆದುಕೊಂಡು ಕಣ್ಣಿಗೆ ಕತ್ತಲೆ ಬರುತ್ತದೆ. ಕುಳಿತರೆ ಕಡಿಮೆಯಾಗುತ್ತದೆ, ಮಲಗಿದರೆ ಏನೂ ಇಲ್ಲ. ಇಸಿಜಿ, ಎಕೋ, ಥೈರಾಯ್ಡ್, ಸಕ್ಕರೆ ಎಲ್ಲವೂ ಸರಿಯಾಗಿವೆ. ನಾವು ತೋರಿಸಿದ ವೈದ್ಯರೊಬ್ಬರು ವರದಿಗಳನ್ನು ತಿರುವಿ ಹಾಕಿ, "ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಬೆಳಿಗ್ಗೆ ಓಡಲು ಹೋಗಿ" ಎಂದು ಕಳುಹಿಸಿಬಿಟ್ಟರು.

ಬಂಧುಗಳಲ್ಲಿ ಈಗ ಎರಡು ಪಕ್ಷ. ಲಸಿಕೆಯೇ ಮನೆಹಾಳು ಎಂದು ಒಂದು, ಇವಳದೆಲ್ಲ ಭ್ರಮೆ ಎಂದು ಇನ್ನೊಂದು. ನನ್ನ ಅನುಭವವನ್ನು ತೋರಿಸಿ ಅವಳ ಬಾಯಿ ಮುಚ್ಚಿಸುವವರೂ ಇದ್ದಾರೆ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ನನಗೆ ಒಳ್ಳೆಯದಾಗಿದ್ದು ನಿಜ, ಅವಳಿಗೆ ಕೆಟ್ಟದಾಗಿದ್ದೂ ನಿಜ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಯಾರಾದರೂ ಇಂಥದ್ದನ್ನು ಅನುಭವಿಸಿದ್ದರೆ ದಯವಿಟ್ಟು ಬರೆಯಿರಿ. ಕೋವಿಡ್ ಮೊದಲು ಬಂತೋ ಲಸಿಕೆ ಮೊದಲಾಯಿತೋ, ತೊಂದರೆ ಯಾವಾಗ ಶುರುವಾಯಿತು, ಏನು ಮಾಡಿದ್ದರಿಂದ ಅನುಕೂಲವಾಯಿತು ಎಂಬುದನ್ನೂ ತಿಳಿಸಿ. ಸುದ್ದಿಯಲ್ಲಿ ಓದಿದ್ದು ಬೇಡ, ನಿಮ್ಮ ಮೈಮೇಲೆ ಬಂದದ್ದು ಬೇಕು.

ರೈಲ್ವೆ ಕಾರ್ಯಾಗಾರ, ಹುಬ್ಬಳ್ಳಿ

ಅಕ್ಕಾ, ನಮಸ್ಕಾರ. ನನ್ನದು ನಿಮ್ಮಿಬ್ಬರಿಗಿಂತ ಬೇರೆ. ನನಗೆ ಮೊದಲು ಲಸಿಕೆಯಾಯಿತು, ಆಮೇಲೆ ಕೋವಿಡ್ ಬಂತು. ಎರಡೂ ಡೋಸ್ ಕೋವ್ಯಾಕ್ಸಿನ್. ತೋಳು ನೋವು ಬಿಟ್ಟರೆ ಏನೂ ಆಗಲಿಲ್ಲ. 2022ರ ಜನವರಿಯಲ್ಲಿ ಓಮೈಕ್ರಾನ್ ಹರಡಿದಾಗ ನನಗೂ ಬಂತು. ನೆಗಡಿ, ಗಂಟಲು ಕೆರೆತ, ಅಷ್ಟೇ. ನಿಜವಾದ ಕಾಯಿಲೆ ಅದು ಮುಗಿದ ಮೇಲೆ ಶುರುವಾಯಿತು.

ನಮ್ಮ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ನಿಮಗೆಲ್ಲ ಗೊತ್ತು. 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆಯಾದಾಗ ಊರಿಗೆ ಊರೇ ಹೆಮ್ಮೆಪಟ್ಟಿತು, ನಾನೂ ಪಟ್ಟೆ. ಮಗಳನ್ನು ರೈಲು ಹತ್ತಿಸಲು ಚೀಲ ಹಿಡಿದು ಅದರ ಮೇಲೆ ನಡೆದುಹೋಗಿದ್ದೆ. ಆ ದಿನ ಏನೂ ಆಗಲಿಲ್ಲ. ಮರುದಿನ ಮಧ್ಯಾಹ್ನ ಕೈಕಾಲು ಸೋತು ಬಂದವು, ಗಂಟಲು ಊದಿತು, ಬೆಳಕು ಕಂಡರೆ ತಲೆ ಸಿಡಿಯುತ್ತಿತ್ತು. ಒಂದು ವಾರ ಹಾಸಿಗೆ. ನಡೆದ ದಿನಕ್ಕೂ ಬಿದ್ದ ದಿನಕ್ಕೂ ನಡುವೆ ಒಂದು ರಾತ್ರಿ ಇರುವುದರಿಂದ, ನಡೆದದ್ದೇ ಕಾರಣ ಎಂದು ತಿಳಿಯಲು ತಿಂಗಳುಗಳೇ ಹಿಡಿದವು. ಸಹೋದ್ಯೋಗಿಗಳು ಕೇಳುತ್ತಾರೆ, "ನಿನ್ನೆ ಚೆನ್ನಾಗಿಯೇ ಇದ್ದೆಯಲ್ಲ?" ಹೌದು, ನಿನ್ನೆ ಚೆನ್ನಾಗಿಯೇ ಇದ್ದೆ. ಕಾಯಿಲೆಯ ರೀತಿಯೇ ಅದು.

ತಂಗಿಯವರಿಗೆ ಒಂದು ಮಾತು. ಯಾರು ಎಷ್ಟೇ ಹೇಳಲಿ, ಓಡಲು ಹೋಗಬೇಡಿ. ನಾನು ಈಗ ದಣಿಯುವುದಕ್ಕೆ ಮುಂಚೆಯೇ ಕುಳಿತುಬಿಡುತ್ತೇನೆ. ಒಂದು ದಿನ ಪೇಟೆಯ ಕೆಲಸವಿದ್ದರೆ ಅದರ ಹಿಂದಿನ ದಿನ, ಮುಂದಿನ ದಿನ ಖಾಲಿ ಇಟ್ಟುಕೊಳ್ಳುತ್ತೇನೆ. ಇದರಿಂದ ಗುಣವಾಗಿಲ್ಲ, ಆದರೆ ಹಾಸಿಗೆ ಹಿಡಿಯುವುದು ಕಡಿಮೆಯಾಗಿದೆ.

ಮೆಣಸಿನಕಾಯಿ ಅಂಗಡಿ, ಬ್ಯಾಡಗಿ

ನನಗೆ ಉಳಿದದ್ದು ಮೂಗಿನ ತೊಂದರೆ. ದಲಾಲಿ ಅಂಗಡಿಯಲ್ಲಿ ಕೆಲಸ. ಮಾಲನ್ನು ಮುಷ್ಟಿಯಲ್ಲಿ ಹಿಚುಕಿ ಮೂಗಿಗೆ ತಂದರೆ ಒಣಗಿದ್ದೋ, ತೇವ ಹೊಡೆದದ್ದೋ, ಹಳೆಯದೋ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. 2020ರಲ್ಲಿ ಕೋವಿಡ್ ಬಂದ ಮೇಲೆ ಡಬ್ಬಿ ಮೆಣಸಿನಕಾಯಿಯೂ ಒಂದೇ, ಕಡ್ಡಿ ಮೆಣಸಿನಕಾಯಿಯೂ ಒಂದೇ. ಹಂಗಾಮಿನಲ್ಲಿ ಇಡೀ ಊರು ಘಾಟಿಗೆ ಸೀನುತ್ತಿರುತ್ತದೆ. ಸೀನು ನನಗೂ ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು, ವಾಸನೆ ಮಾತ್ರ ಇಲ್ಲ.

ಆಮೇಲೆ ವಾಸನೆ ತಿರುಗಿ ಬಂತು, ಆದರೆ ಕೆಟ್ಟು ಬಂತು. ಉಳ್ಳಾಗಡ್ಡಿ ಒಗ್ಗರಣೆ ಹಾಕಿದರೆ ಸುಟ್ಟ ರಬ್ಬರಿನ ನಾತ. ಬೆಳ್ಳುಳ್ಳಿ, ಚಹಾ, ಸೋಪು ಎಲ್ಲ ಹಾಗೆಯೇ. ಹೆಂಡತಿ ವರ್ಷದ ಮೇಲೆ ಒಗ್ಗರಣೆ ಇಲ್ಲದ ಸಾರು ಮಾಡಿದಳು. ಮಕ್ಕಳೂ ಅದನ್ನೇ ಉಂಡರು.

ಎರಡು ಡೋಸ್ ಹಾಕಿಸಿಕೊಂಡೆ. ನನ್ನ ಮೂಗಿಗೆ ಅದರಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಇದನ್ನೂ ಬರೆಯಬೇಕು ಎನಿಸಿತು, ಏಕೆಂದರೆ ಏನೂ ಆಗದವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಕಿವಿ-ಮೂಗು-ಗಂಟಲಿನ ವೈದ್ಯರು ಹೇಳಿದ ವಾಸನೆಯ ಅಭ್ಯಾಸದಿಂದ ಅನುಕೂಲವಾಯಿತು: ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ. ಬೆಳಿಗ್ಗೆ, ಸಂಜೆ ಒಂದೊಂದನ್ನು ಅರ್ಧ ನಿಮಿಷದವರೆಗೆ ಮೂಸುತ್ತಾ, ಅದರ ಹಳೆಯ ವಾಸನೆ ಹೇಗಿತ್ತೆಂದು ಮನಸ್ಸಿನಲ್ಲಿ ತಂದುಕೊಳ್ಳಬೇಕು. ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಮೊದಲು ಲವಂಗ ಬಂತು. ಮೆಣಸಿನಕಾಯಿ ಈಗ ಮುಕ್ಕಾಲು ಭಾಗ ಗೊತ್ತಾಗುತ್ತದೆ.

ಬೆಟಗೇರಿ ನಿವಾಸಿ, ಗದಗ

ನೀವೆಲ್ಲ ಸುಸ್ತು, ವಾಸನೆ ಎನ್ನುತ್ತಿದ್ದೀರಿ. ನಮ್ಮ ಮನೆಯಲ್ಲಿ ಜೀವವೇ ಹೋಗಿದೆ. ಚಿಕ್ಕಪ್ಪನ ಮಗ, 38 ವರ್ಷ, ಕುಡಿತವಿಲ್ಲ, ಬೀಡಿ ಸಿಗರೇಟಿಲ್ಲ. 2023ರಲ್ಲಿ ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಎರಡು ಡೋಸ್ ಆಗಿತ್ತು. ಲಸಿಕೆಯಿಂದ ಅಡ್ಡಪರಿಣಾಮ ಆಗಬಹುದು ಎಂದು ಲಸಿಕೆ ಕಂಪನಿಯೇ ಲಂಡನ್ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದೆ ಎಂದು 2024ರಲ್ಲಿ ಎಲ್ಲ ಪತ್ರಿಕೆಗಳಲ್ಲಿ ಬಂತು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದಿಂದ ಸಾಲು ಸಾಲು ಸಾವುಗಳಾದಾಗ ಮುಖ್ಯಮಂತ್ರಿಗಳೇ ಲಸಿಕೆಯ ಮೇಲೆ ಅನುಮಾನ ವ್ಯಕ್ತಪಡಿಸಿದರು. ಇಷ್ಟಾದ ಮೇಲೂ "ಒಬ್ಬೊಬ್ಬರಿಗೆ ಒಂದೊಂದು ರೀತಿ" ಎಂದು ತೇಲಿಸಿಬಿಟ್ಟರೆ ಹೇಗೆ? ನೇರವಾಗಿ ಉತ್ತರ ಕೊಡುವವರು ಯಾರಾದರೂ ಇದ್ದಾರೆಯೇ?

ನವನಗರ ವೈದ್ಯೆ, ಹುಬ್ಬಳ್ಳಿ

ಬೆಟಗೇರಿಯ ಸಹೋದರರೇ, ನಿಮ್ಮ ಮನೆಯ ದುಃಖಕ್ಕೆ ನಾನು ತಲೆಬಾಗುತ್ತೇನೆ. ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಉತ್ತರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು ನಿಜ. ಆದರೆ ಒಪ್ಪಿಕೊಂಡದ್ದು ಏನನ್ನು? ಅಸ್ಟ್ರಾಜೆನೆಕಾ ಲಸಿಕೆಯಿಂದ, ಅಂದರೆ ನಮ್ಮಲ್ಲಿ ಕೋವಿಶೀಲ್ಡ್ ಹೆಸರಿನಲ್ಲಿ ಬಂದ ಲಸಿಕೆಯಿಂದ, ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವುದು ಮತ್ತು ಅದರ ಜೊತೆಗೆ ಪ್ಲೇಟ್‌ಲೆಟ್ ಕುಸಿಯುವುದು ಆಗಬಹುದು ಎಂಬುದನ್ನು. ಯುರೋಪಿನ ಔಷಧ ಸಂಸ್ಥೆ ಇದನ್ನು 2021ರ ಏಪ್ರಿಲ್‌ನಲ್ಲೇ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿತ್ತು. ಲಸಿಕೆಯ ನಂತರದ ತೊಂದರೆಗಳನ್ನು ಪರಿಶೀಲಿಸುವ ನಮ್ಮ ರಾಷ್ಟ್ರೀಯ ಸಮಿತಿ 2021ರ ಮೇ ತಿಂಗಳಲ್ಲಿ, ಹತ್ತು ಲಕ್ಷ ಡೋಸ್‌ಗಳಿಗೆ 0.61ರಂತೆ ಇಂಥ ಪ್ರಕರಣಗಳು ವರದಿಯಾಗಿವೆ ಎಂದು ತಿಳಿಸಿತು. ಇದು ಸಾಮಾನ್ಯವಾಗಿ ಲಸಿಕೆಯಾದ ನಾಲ್ಕನೆಯ ದಿನದಿಂದ ಆರು ವಾರಗಳೊಳಗೆ ಬರುವ ಕಾಯಿಲೆ. ವರ್ಷಗಳ ನಂತರ ಇದ್ದಕ್ಕಿದ್ದಂತೆ ಬರುವುದಲ್ಲ. ಆದ್ದರಿಂದ 2021ರಲ್ಲಿ ಲಸಿಕೆ ಪಡೆದು ಇಂದಿಗೂ ಹೆದರಿಕೊಂಡು ಬದುಕುತ್ತಿರುವವರು ಆ ಭಯವನ್ನು ಬಿಡಬಹುದು. ಆ ವಾರಗಳಲ್ಲಿ ನಿಜವಾಗಿಯೂ ತೊಂದರೆಗೆ ಒಳಗಾದವರ ನೋವನ್ನು ಮಾತ್ರ ಯಾರೂ ಅಲ್ಲಗಳೆಯಬಾರದು.

ಹಠಾತ್ ಸಾವಿನ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 47 ಆಸ್ಪತ್ರೆಗಳಲ್ಲಿ ಅಧ್ಯಯನ ನಡೆಸಿತು. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಹೀಗೆ ತೀರಿಕೊಂಡ, 18ರಿಂದ 45 ವರ್ಷದವರ ಮಾಹಿತಿ ಅದು. ಲಸಿಕೆ ಪಡೆದವರಲ್ಲಿ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹೆಚ್ಚಿದ್ದು ಕಂಡದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ ಇದ್ದವರಲ್ಲಿ, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ವಿಪರೀತ ಕುಡಿದವರಲ್ಲಿ ಅಥವಾ ಮಿತಿಮೀರಿದ ವ್ಯಾಯಾಮ ಮಾಡಿದವರಲ್ಲಿ. ಹಾಸನದ ಪ್ರಕರಣಗಳ ನಂತರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯೂ ಲಸಿಕೆಯೊಂದಿಗೆ ನೇರ ಸಂಬಂಧ ಕಂಡಿಲ್ಲ ಎಂದಿತು. ಇದರಲ್ಲಿ ನಿಮಗೆ ಸಂಬಂಧಿಸಿದ ಮಾತು ಒಂದಿದೆ, ದಯವಿಟ್ಟು ಗಮನಿಸಿ. ಕುಟುಂಬದ ಇತಿಹಾಸ. 38ರಲ್ಲಿ ಒಬ್ಬರು ಹೀಗೆ ಹೋದರೆ ಅವರ ಒಡಹುಟ್ಟಿದವರು, ಮಕ್ಕಳು, ನೀವು ಎಲ್ಲರೂ ಇಸಿಜಿ, ಎಕೋ, ಕೊಲೆಸ್ಟ್ರಾಲ್, ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಬೇಕು. ಗದಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ನಲ್ಲಿ ಕೇಳಿ ನೋಡಿ. ಮುಂದೂಡಬೇಡಿ.

ಇನ್ನು ಅಕ್ಕನವರ ಪ್ರಶ್ನೆ. ಲಾಂಗ್ ಕೋವಿಡ್ ಎಂದರೆ ಸಾಮಾನ್ಯವಾಗಿ ಸೋಂಕು ತಗುಲಿ ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳು ಕಾಡುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಹೀಗೆ ವ್ಯಾಖ್ಯಾನಿಸಿತು. ಮೊದಲೇ ಲಸಿಕೆ ಪಡೆದವರಿಗೆ ಕೋವಿಡ್ ಬಂದರೆ ಲಾಂಗ್ ಕೋವಿಡ್ ಆಗುವ ಸಾಧ್ಯತೆ ಕಡಿಮೆ. ಎಷ್ಟು ಕಡಿಮೆ ಎಂಬುದರಲ್ಲಿ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ: ಅಮೆರಿಕದ ನಿವೃತ್ತ ಸೈನಿಕರ ದಾಖಲೆಗಳಲ್ಲಿ ಸುಮಾರು ಶೇ 15, ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಸುಮಾರು ಅರ್ಧ. ಅಂದರೆ ರಕ್ಷಣೆ ಇದೆ, ಪೂರ್ಣ ರಕ್ಷಣೆ ಇಲ್ಲ. ಕಾರ್ಯಾಗಾರದ ಸಹೋದರರಿಗೆ ಆದದ್ದು ಅದೇ. 2021ರ ನವೆಂಬರ್‌ನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ನೂರಾರು ಜನರಿಗೆ ಸೋಂಕು ತಗುಲಿದ್ದು ನಿಮಗೆ ನೆನಪಿರಬಹುದು. ಹೆಚ್ಚಿನವರಿಗೆ ಎರಡೂ ಡೋಸ್ ಆಗಿತ್ತು, ಕಾಯಿಲೆ ಹೆಚ್ಚಿನವರಲ್ಲಿ ಸೌಮ್ಯವಾಗಿಯೇ ಇತ್ತು.

ಈಗಾಗಲೇ ಲಾಂಗ್ ಕೋವಿಡ್ ಇರುವವರಿಗೆ ಲಸಿಕೆ ಕೊಟ್ಟರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಬ್ರಿಟನ್ನಿನ ಅಂಕಿಅಂಶ ಇಲಾಖೆಯ ಮಾಹಿತಿ 2022ರಲ್ಲಿ ಪ್ರಕಟವಾಯಿತು: ಮೊದಲ ಡೋಸ್ ನಂತರ ರೋಗಿಗಳು ತೊಂದರೆ ಇದೆ ಎನ್ನುವ ಸಾಧ್ಯತೆ ಸುಮಾರು ಶೇ 13ರಷ್ಟು, ಎರಡನೆಯದರ ನಂತರ ಮತ್ತೆ ಸುಮಾರು ಶೇ 9ರಷ್ಟು ಇಳಿಯಿತು. ಆದರೆ ಇದು ಸರಾಸರಿ. ಅದರೊಳಗೆ ಸುಧಾರಿಸಿದವರು, ಏನೂ ವ್ಯತ್ಯಾಸ ಕಾಣದವರು, ಹದಗೆಟ್ಟವರು ಎಲ್ಲರೂ ಇದ್ದಾರೆ. ಏಕೆ ಎಂಬುದಕ್ಕೆ ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿ ಅವರಂಥ ವಿಜ್ಞಾನಿಗಳು ಒಂದು ಊಹೆ ಮುಂದಿಟ್ಟಿದ್ದಾರೆ. ಕೆಲವರ ದೇಹದಲ್ಲಿ ವೈರಸ್ ಅಥವಾ ಅದರ ತುಣುಕುಗಳು ಎಲ್ಲೋ ಉಳಿದುಕೊಂಡಿರುತ್ತವೆ. ಲಸಿಕೆಯಿಂದ ಚುರುಕಾದ ರೋಗನಿರೋಧಕ ಶಕ್ತಿ ಅವನ್ನು ತೆಗೆದುಹಾಕಿದರೆ ರೋಗಿ ಹಗುರಾಗುತ್ತಾರೆ. ಇನ್ನು ಕೆಲವರಲ್ಲಿ ಆ ಶಕ್ತಿ ತನ್ನ ಮೈಯ ಮೇಲೆಯೇ ತಿರುಗಿಬಿದ್ದಿರುತ್ತದೆ. ಅಂಥವರಲ್ಲಿ ಇನ್ನೊಂದು ಪ್ರಚೋದನೆ ತೊಂದರೆಯನ್ನು ಕೆರಳಿಸಬಹುದು. ಅಕ್ಕ ಒಂದು ಗುಂಪಿನವರು, ತಂಗಿ ಇನ್ನೊಂದು ಗುಂಪಿನವರು ಎಂದು ಹೇಳಬಲ್ಲ ರಕ್ತಪರೀಕ್ಷೆ ನಮ್ಮ ಕೈಯಲ್ಲಿಲ್ಲ. ಅದಕ್ಕಾಗಿಯೇ ರೋಗಿ ಹೇಳುವ ಕಥೆಯನ್ನು ಪೂರ್ತಿ ಕೇಳಬೇಕು.

ತಂಗಿಯವರ ಲಕ್ಷಣ ಓದಿದಾಗ ನನಗೆ ತೋಚಿದ್ದು ಪಾಟ್ಸ್. ನಿಂತಾಗ ನಾಡಿ ವಿಪರೀತ ಏರುವ ಸ್ಥಿತಿ ಇದು. ಮಲಗಿಸಿ ತೆಗೆದ ಇಸಿಜಿಯಲ್ಲಿ ಕಾಣುವುದಿಲ್ಲ. ಕೋವಿಡ್ ನಂತರ ಬರುತ್ತದೆ, ಲಸಿಕೆಯ ನಂತರವೂ ಕೆಲವರಲ್ಲಿ ಕಂಡಿದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಲಸಿಕೆಗಿಂತ ಸೋಂಕಿನ ನಂತರ ಇದು ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚು. ಅವರಿಗೆ ಎರಡೂ ಆಗಿವೆ, ಹಾಗಾಗಿ ಯಾವುದರಿಂದ ಎಂದು ನಾನು ಇಲ್ಲಿ ಕುಳಿತು ತೀರ್ಪು ಕೊಡಲಾರೆ. ಪರೀಕ್ಷೆ ಮನೆಯಲ್ಲೇ ಸಾಧ್ಯ. ಹತ್ತು ನಿಮಿಷ ಮಲಗಿ ನಾಡಿ, ರಕ್ತದೊತ್ತಡ ಬರೆದುಕೊಳ್ಳಿ. ಆಮೇಲೆ ಗೋಡೆಗೆ ಒರಗಿ ಅಲುಗಾಡದೆ ನಿಂತು, ಹತ್ತು ನಿಮಿಷದವರೆಗೆ ಪ್ರತಿ ನಿಮಿಷಕ್ಕೊಮ್ಮೆ ಬರೆಯಿರಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು, ತಲೆ ಸುತ್ತಿದರೆ ಕೂಡಲೇ ನಿಲ್ಲಿಸಬೇಕು. ರಕ್ತದೊತ್ತಡ ಕುಸಿಯದೆ, ವಯಸ್ಕರಲ್ಲಿ ನಾಡಿ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಹಾಗೆಯೇ ಉಳಿದರೆ ಆ ಹಾಳೆಯನ್ನು ಹಿಡಿದು ಹೃದ್ರೋಗ ಅಥವಾ ನರರೋಗ ತಜ್ಞರ ಬಳಿ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಪರೀಕ್ಷೆ), ಬಿ12 ಕೂಡ ನೋಡಿಸಿ. ರಕ್ತಹೀನತೆಯಿಂದಲೂ ಹೀಗೆಯೇ ಆಗುತ್ತದೆ, ನಮ್ಮ ಹೆಣ್ಣುಮಕ್ಕಳಲ್ಲಿ ಅದಕ್ಕೇನು ಕೊರತೆಯಿಲ್ಲ.

ಆಶಾ ಕಾರ್ಯಕರ್ತೆ, ಲಕ್ಷ್ಮೇಶ್ವರ ತಾಲ್ಲೂಕು

ಡಾಕ್ಟರ್ ಅವರೇ, ಮನೆ ಮನೆ ತಿರುಗಿ ಜನರನ್ನು ಲಸಿಕೆಗೆ ಕರೆತಂದವಳು ನಾನು. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿಸಿ, ಜ್ವರದ ಮಾತ್ರೆ ಕೊಟ್ಟು ಕಳುಹಿಸುತ್ತಿದ್ದೆವು. ಮರುದಿನ ಹೋದರೆ ಹರೆಯದವರು ಮಲಗಿರುತ್ತಿದ್ದರು, ಎಂಬತ್ತರ ಅಜ್ಜ ಹೊಲಕ್ಕೆ ಹೋಗಿರುತ್ತಿದ್ದ. ಒಮ್ಮೆ ಕೋವಿಡ್ ಬಂದು ಹೋದವರಿಗೆ ಮೊದಲ ಡೋಸ್‌ಗೇ ಹೆಚ್ಚು ಜ್ವರ.

ಹೆಂಗಸರು ನನ್ನ ಹತ್ತಿರ ಮಾತ್ರ ಹೇಳಿಕೊಂಡದ್ದು ಬೇರೆ ಇದೆ. ತಿಂಗಳ ಮುಟ್ಟು ಹಿಂದೆಮುಂದಾಯಿತು, ಸ್ರಾವ ಹೆಚ್ಚಾಯಿತು ಎಂದರು. ಮಕ್ಕಳಾಗುವುದಿಲ್ಲವಂತೆ ಎಂಬ ಸುದ್ದಿ ಅದರ ಬೆನ್ನಿಗೇ ಹಬ್ಬಿತು. ನನ್ನ ನಮೂನೆಯಲ್ಲಿ ಜ್ವರ, ನೋವು, ವಾಂತಿ ಬರೆಯಲು ಜಾಗವಿತ್ತು, ಇದಕ್ಕೆ ಇರಲಿಲ್ಲ. ಸ್ವಂತ ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಈಗಲೂ ಇದೆ.

ನವನಗರ ವೈದ್ಯೆ, ಹುಬ್ಬಳ್ಳಿ

ಆ ನೋಟ್‌ಪುಸ್ತಕವನ್ನು ಜೋಪಾನವಾಗಿಡಿ ತಾಯಿ. ನೀವು ಕೇಳಿಸಿಕೊಂಡದ್ದು ಸುಳ್ಳಲ್ಲ. 2022ರಲ್ಲಿ ಅಮೆರಿಕದಿಂದ ಬಂದ ಅಧ್ಯಯನದಲ್ಲಿ ಲಸಿಕೆಯ ನಂತರ ಋತುಚಕ್ರ ಸರಾಸರಿ ಒಂದು ದಿನಕ್ಕಿಂತ ಕಡಿಮೆ ಉದ್ದವಾದದ್ದು ಕಂಡಿತು, ಅದೂ ತಾತ್ಕಾಲಿಕ. ಮಕ್ಕಳಾಗುವುದಕ್ಕೆ ಅಡ್ಡಿಯೇನೂ ಕಂಡಿಲ್ಲ. ಮೊದಲೇ ಯಾರಾದರೂ ಇದನ್ನು ಆ ಹೆಣ್ಣುಮಕ್ಕಳಿಗೆ ತಿಳಿಸಿದ್ದರೆ ಆ ಸುದ್ದಿಗೆ ಅಷ್ಟು ಬಲ ಬರುತ್ತಿರಲಿಲ್ಲ.

ಯಾವುದೇ ಲಸಿಕೆ ಅಥವಾ ಔಷಧದ ನಂತರ ತೊಂದರೆಯಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬರೆಸಿ. ಔಷಧ ಸುರಕ್ಷತೆಯ ರಾಷ್ಟ್ರೀಯ ಸಹಾಯವಾಣಿ 1800-180-3024 ಇದೆ, ರೋಗಿಯೇ ಕರೆ ಮಾಡಬಹುದು. ಲಸಿಕೆಯೇ ಕಾರಣ ಎಂದು ನೀವು ಸಾಬೀತು ಮಾಡಬೇಕಿಲ್ಲ. ಆದದ್ದನ್ನು ಆದ ಹಾಗೆ ಹೇಳಿದರೆ ಸಾಕು.

ಬೆಟಗೇರಿ ನಿವಾಸಿ, ಗದಗ

ಡಾಕ್ಟರ್ ಅವರೇ, ಓದಿದೆ. ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಮರಣೋತ್ತರ ಪರೀಕ್ಷೆ ನಾವು ಮಾಡಿಸಲಿಲ್ಲ. ಆ ಹೊತ್ತಿನಲ್ಲಿ ದೇಹವನ್ನು ಕೊಯ್ಯಲು ಕೊಡುವ ಮನಸ್ಸು ಯಾರಿಗೆ ಬರುತ್ತದೆ? ಕಾರಣ ಏನೆಂದು ಇನ್ನು ಯಾರೂ ಹೇಳಲಾರರು. ಆದರೆ ನಮ್ಮ ಅಜ್ಜನೂ ಐವತ್ತು ತುಂಬುವ ಮೊದಲೇ ಹೀಗೆಯೇ ಹೋದರು ಎಂದು ಅವ್ವ ನಿನ್ನೆ ನೆನಪಿಸಿದಳು. ಸೋಮವಾರ ಅವನ ತಮ್ಮನನ್ನು ಕರೆದುಕೊಂಡು ಜಿಮ್ಸ್‌ಗೆ ಹೋಗುತ್ತಿದ್ದೇನೆ. ನಾನೂ ತೋರಿಸಿಕೊಳ್ಳುತ್ತೇನೆ.

ಸಾಧನಕೇರಿ ಶಿಕ್ಷಕಿ, ಧಾರವಾಡ

ಎಲ್ಲರಿಗೂ ಕೈಮುಗಿಯುತ್ತೇನೆ. ಡಾಕ್ಟರ್ ಹೇಳಿದಂತೆ ತಂಗಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಮಲಗಿದ್ದಾಗ ನಾಡಿ 76. ನಿಂತ ಎರಡನೆಯ ನಿಮಿಷಕ್ಕೆ 104, ಆರನೆಯದಕ್ಕೆ 121. ಪಾದಗಳು ನೇರಳೆ ಬಣ್ಣಕ್ಕೆ ತಿರುಗಿದವು, ಅಲ್ಲಿಗೇ ನಿಲ್ಲಿಸಿದೆ. ರಕ್ತದೊತ್ತಡ ಕುಸಿದಿರಲಿಲ್ಲ. ಆ ಹಾಳೆಯನ್ನು ಕಂಡ ಹೃದ್ರೋಗ ವೈದ್ಯರು ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ಕುಳಿತು ಅವಳ ಮಾತು ಕೇಳಿದರು. ಪಾಟ್ಸ್ ಎಂದೇ ಹೇಳಿದರು. ನೀರು ಹೆಚ್ಚು ಕುಡಿಯಬೇಕು, ರಕ್ತದೊತ್ತಡ, ಮೂತ್ರಪಿಂಡ ಸರಿಯಾಗಿರುವುದರಿಂದ ಉಪ್ಪು ಹೆಚ್ಚಿಸಬಹುದು, ಕಾಲಿಗೆ ಬಿಗಿಯಾದ ಕಾಲುಚೀಲ, ಜೊತೆಗೆ ಒಂದು ಮಾತ್ರೆ. ಇನ್ನೊಂದು ಡೋಸ್‌ನ ಮಾತು ಬಂದರೆ ತಮ್ಮನ್ನು ಕೇಳದೆ ಹಾಕಿಸಿಕೊಳ್ಳಬಾರದು ಎಂದಿದ್ದಾರೆ. ನನಗೆ ಹಾಗೆ ಯಾರೂ ಹೇಳಿಲ್ಲ, ಹೇಳುವ ಅಗತ್ಯವೂ ಇಲ್ಲ. ಒಂದೇ ಮನೆಯಲ್ಲಿ ಎರಡು ಸಲಹೆ, ಎರಡೂ ಸರಿ.

ತಂಗಿಗೆ ಬರೆಯಲು ಹೇಳಿದ್ದೇನೆ.

ಸಾಧನಕೇರಿ ತಂಗಿ

ನಮಸ್ಕಾರ. ರೊಟ್ಟಿಯನ್ನು ಈಗ ನೆಲದ ಮೇಲೆ ಕುಳಿತು ಬಡಿಯುತ್ತೇನೆ, ಒಲೆಯನ್ನು ಕೆಳಗೆ ಇಟ್ಟುಕೊಂಡಿದ್ದೇವೆ. ಮನೆಯಲ್ಲಿ ಹೇಗೋ ನಡೆಯುತ್ತದೆ. ನನ್ನ ಕಷ್ಟ ಕೆಲಸದ ಜಾಗದಲ್ಲಿ. ಬಟ್ಟೆ ಅಂಗಡಿಯಲ್ಲಿ ಸೀರೆ ವಿಭಾಗದಲ್ಲಿದ್ದೇನೆ. ಗಿರಾಕಿ ಇರಲಿ ಬಿಡಲಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತಿರಬೇಕು ಎಂಬುದು ನಿಯಮ. ಲಸಿಕೆಯಿಂದ ಬಂತೋ ಕೋವಿಡ್‌ನಿಂದ ಬಂತೋ ಎಂದು ಜಗಳವಾಡುವ ಶಕ್ತಿ ನನಗಿಲ್ಲ. ಒಂದು ಸ್ಟೂಲ್ ಬೇಕು. ಮಾಲೀಕರನ್ನು ಹೇಗೆ ಕೇಳಲಿ? ನಿಮ್ಮಲ್ಲಿ ಯಾರಾದರೂ ಕೇಳಿ ಪಡೆದುಕೊಂಡಿದ್ದೀರಾ?

ರೈಲ್ವೆ ಕಾರ್ಯಾಗಾರ, ಹುಬ್ಬಳ್ಳಿ

ತಂಗೀ, ಬರೆದು ಕೇಳು. ಬಾಯಿಮಾತಿಗೆ ಬಾಯಿಮಾತೇ ಉತ್ತರ ಬರುತ್ತದೆ. ನಾನು ಕೊಟ್ಟ ಅರ್ಜಿಯಲ್ಲಿ ಕಾಯಿಲೆಯ ಹೆಸರನ್ನು ಒಂದೇ ಸಾಲಿನಲ್ಲಿ ಮುಗಿಸಿ, ಉಳಿದದ್ದೆಲ್ಲ ಕೆಲಸದ ಲೆಕ್ಕದಲ್ಲಿ ಬರೆದೆ: ಎಷ್ಟು ಹೊತ್ತು ನಿಲ್ಲಬಲ್ಲೆ, ಆಮೇಲೆ ಏನಾಗುತ್ತದೆ, ಕುಳಿತು ಯಾವ ಯಾವ ಕೆಲಸವನ್ನು ಪೂರ್ತಿ ಮಾಡಬಲ್ಲೆ ಎಂದು. ನೀನು ಸೀರೆ ಮಡಿಸುವುದು, ಬೆಲೆ ಚೀಟಿ ಅಂಟಿಸುವುದು, ಬಿಲ್ ಬರೆಯುವುದು, ಇಂಥವನ್ನು ಪಟ್ಟಿ ಮಾಡು. ವೈದ್ಯರ ಚೀಟಿಯ ಪ್ರತಿ ಲಗತ್ತಿಸು. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕುಳಿತುಕೊಳ್ಳುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ಸೇರಿಸಿವೆ; ಅದನ್ನೂ ವಿನಯದಿಂದಲೇ ಒಂದು ಸಾಲಿನಲ್ಲಿ ನೆನಪಿಸು. ನನ್ನ ಅರ್ಜಿಯ ನಕಲನ್ನು ಇಂದು ರಾತ್ರಿ ಅಕ್ಕನಿಗೆ ಕಳುಹಿಸುತ್ತೇನೆ, ನಿನ್ನ ಕೆಲಸಕ್ಕೆ ಹೊಂದುವಂತೆ ತಿದ್ದಿಕೋ. ನನಗೆ ಕೇಳಿದ ಎರಡನೆಯ ವಾರದಲ್ಲಿ ಸ್ಟೂಲ್ ಬಂತು.